ಕಥೆ ಮುಗಿದ ಮೇಲೆ ಒಂದೇ ಪ್ರಶ್ನೆ

ಮಗಳೇ, ಶಾಲೆಯ ಬೀರುವಿನಲ್ಲಿ ಮಕ್ಕಳ ಪುಸ್ತಕಗಳು ಕಟ್ಟು ಕೂಡ ಬಿಚ್ಚದೆ ಕೂತಿವೆ, ಕೀಲಿ ಹೆಡ್‌ಮೇಷ್ಟ್ರ ಡ್ರಾಯರಿನಲ್ಲಿದೆ ಅಂದೆಯಲ್ಲ, ಮೊದಲು ಆ ಕೀಲಿ ಇಸಿದುಕೋ. ಪುಸ್ತಕ ಹರಿದರೆ ಯಾರು ಜವಾಬ್ದಾರಿ ಅಂತ ಅವರು ಕೇಳಿಯೇ ಕೇಳುತ್ತಾರೆ. ನಾನು ಸಾರ್, ಅನ್ನು. ಹರಿದ ಪುಟಕ್ಕೆ ಮಕ್ಕಳ ಕೈಯಲ್ಲೇ ಗೋಂದು ಹಚ್ಚಿಸಿದರೆ ಆಯಿತು. ಬೀಗದೊಳಗೆ ಇಟ್ಟು ಗೆದ್ದಲಿಗೆ ಕೊಡುವುದಕ್ಕಿಂತ ಅದು ಎಷ್ಟೋ ಮೇಲು.

ಆರು, ಏಳು, ಎಂಟನೇ ತರಗತಿಗೆ ಸಮಾಜ ವಿಜ್ಞಾನ ಹೇಳುವ ನಿನಗೆ ನಾನು ಹೇಳಬೇಕಾದ್ದು ಬಹಳ ಇಲ್ಲ. ಪಠ್ಯಪುಸ್ತಕದಲ್ಲಿ ಇಸವಿ ಇರುತ್ತದೆ, ಕಾರಣ ಇರುತ್ತದೆ, ಪರಿಣಾಮ ಇರುತ್ತದೆ. ಅದು ಬೇಕು. ಆದರೆ ಹನ್ನೆರಡು ವರ್ಷದ ಮಗುವಿಗೆ ಇನ್ನೂರು ವರ್ಷದ ಹಿಂದೆ ಅಂದರೂ ಒಂದೇ, ಎರಡು ಸಾವಿರ ವರ್ಷದ ಹಿಂದೆ ಅಂದರೂ ಒಂದೇ. ಎರಡೂ ಕಣ್ಣಿಗೆ ಕಾಣದ ದೂರ. ತನ್ನಷ್ಟೇ ವಯಸ್ಸಿನ ಒಂದು ಮಗು ಆ ಕಾಲದಲ್ಲಿ ಹಸಿದಿತ್ತು, ಹೆದರಿತ್ತು, ಯಾರೋ ಬರುತ್ತಾರೆ ಅಂತ ರೈಲ್ವೆ ಸ್ಟೇಷನ್ನಿನಲ್ಲಿ ಕಾಯುತ್ತ ಕೂತಿತ್ತು ಅಂದರೆ ಆ ದೂರ ಹತ್ತಿರವಾಗುತ್ತದೆ. ಮಕ್ಕಳ ಪುಸ್ತಕ ಮಾಡುವ ಕೆಲಸ ಇದು. ಆದರೆ ಅಲ್ಲಿಗೇ ನಿಲ್ಲಿಸಬೇಡ. ಕಥೆ ಓದಿ ಮುಗಿಸಿದ ಮೇಲೆ ಒಂದು ಪ್ರಶ್ನೆ ಕೇಳು: ಇದನ್ನು ಬರೆದವರಿಗೆ ಇದು ಹೇಗೆ ಗೊತ್ತಾಯಿತು? ನಾನು ನಿನಗೆ ಕೊಡುವ ಕಿವಿಮಾತು ಇಷ್ಟೇ. ಉಳಿದದ್ದೆಲ್ಲ ಇದನ್ನು ಹೇಗೆ ಮಾಡುವುದು ಅನ್ನುವುದರ ಬಗ್ಗೆ.

ನಿನ್ನ ಕೈಗೆ ಒಂದೇ ಪುಸ್ತಕ ಸಿಗುವುದಾದರೆ 'ತೊತ್ತೋಚಾನ್' ಸಿಗಲಿ. ತೆತ್ಸುಕೊ ಕುರೊಯಾನಾಗಿ ಅನ್ನುವ ಜಪಾನಿನ ನಟಿ ತನ್ನ ಬಾಲ್ಯದ ಶಾಲೆಯ ಬಗ್ಗೆ ಬರೆದದ್ದು, ಜಪಾನಿನಲ್ಲಿ 1981ರಲ್ಲಿ ಬಂತು. ನ್ಯಾಷನಲ್ ಬುಕ್ ಟ್ರಸ್ಟ್ ಅದನ್ನು ಕನ್ನಡದಲ್ಲೂ ತಂದಿದೆ, ವಿ. ಗಾಯತ್ರಿಯವರ ಅನುವಾದ. ಬಿ.ಎಡ್. ಓದುವಾಗ ಇದನ್ನು ಒಳ್ಳೆಯ ಶಾಲೆ ಹೇಗಿರಬೇಕು ಅನ್ನುವುದಕ್ಕಾಗಿ ಓದಿಸುತ್ತಾರೆ. ಹಳೆಯ ರೈಲು ಡಬ್ಬಿಗಳೇ ತರಗತಿ, ಮಕ್ಕಳ ಮಾತು ಮುಗಿಯುವ ತನಕ ಕೂತು ಕೇಳುವ ಕೊಬಾಯಾಶಿ ಮೇಷ್ಟ್ರು, ಎಲ್ಲರಿಗೂ ಅದೇ ನೆನಪು. ನೀನು ಅದನ್ನು ಎರಡನೇ ಮಹಾಯುದ್ಧದ ಪಾಠವಾಗಿ ಇನ್ನೊಮ್ಮೆ ಓದು. ಯುದ್ಧ ಆ ಪುಸ್ತಕದೊಳಗೆ ಹೇಗೆ ಬರುತ್ತದೆ ನೋಡು. ಮೊದಲ ಪುಟಗಳಲ್ಲಿ ಅದರ ಸುಳಿವೇ ಇಲ್ಲ. ಆಮೇಲೆ ಸ್ಟೇಷನ್ನಿನಲ್ಲಿ ಕಾಸು ಹಾಕಿದರೆ ಮಿಠಾಯಿ ಕೊಡುತ್ತಿದ್ದ ಯಂತ್ರ ಖಾಲಿಯಾಗುತ್ತದೆ. ಶಾಲೆಯಲ್ಲಿ ಕೆಲಸಕ್ಕಿದ್ದ, ಮಕ್ಕಳಿಗೆಲ್ಲ ಇಷ್ಟವಾದ ಮನುಷ್ಯ ಸೈನ್ಯಕ್ಕೆ ಹೋಗುತ್ತಾನೆ. ಪಿಟೀಲು ನುಡಿಸುವ ಅಪ್ಪನಿಗೆ ಯುದ್ಧದ ಹಾಡು ನುಡಿಸಿದರೆ ಅಕ್ಕಿ, ಸಕ್ಕರೆ ಸಿಗುತ್ತದೆ ಅಂತ ಹೇಳಿಕಳಿಸುತ್ತಾರೆ. ಮನೆಯಲ್ಲಿ ಹಸಿವಿದೆ, ಆದರೂ ಅಪ್ಪ ಒಲ್ಲೆ ಅನ್ನುತ್ತಾನೆ. ಕೊನೆಗೆ 1945ರಲ್ಲಿ ಅಮೆರಿಕದ ಬಾಂಬುಗಳು ಬಿದ್ದು ಆ ರೈಲು ಡಬ್ಬಿಗಳ ಶಾಲೆಯೇ ಸುಟ್ಟುಹೋಗುತ್ತದೆ.

ಪರ್ಲ್ ಹಾರ್ಬರ್, ಹಿರೋಶಿಮಾ ಅಂತ ಬೋರ್ಡಿನ ಮೇಲೆ ಬರೆದರೆ ಮಕ್ಕಳು ಕಾಪಿ ಮಾಡಿಕೊಳ್ಳುತ್ತಾರೆ. ಮಿಠಾಯಿ ಯಂತ್ರ ಖಾಲಿಯಾದದ್ದು ಯಾಕೆ ಅಂತ ಕೇಳಿ ನೋಡು, ಅವರೇ ಯೋಚಿಸುತ್ತಾರೆ. ಸಕ್ಕರೆ ಎಲ್ಲಿಗೆ ಹೋಯಿತು? ಸೈನಿಕರಿಗೆ ಹೋಯಿತಾ? ಹಡಗು ಬರಲಿಲ್ಲವಾ? ಜಪಾನಿನಲ್ಲಿ ಬೆಳೆಯುವುದಿಲ್ಲವಾ? ಆಗ ಭೂಪಟ ಇಳಿಸು. ದ್ವೀಪಗಳ ದೇಶ, ಹೊರಗಿನಿಂದ ಬರಬೇಕಾದ ಎಣ್ಣೆ, ಸಕ್ಕರೆ, ಸಮುದ್ರದ ದಾರಿ, ಇವೆಲ್ಲ ಒಂದು ಮಿಠಾಯಿಯಿಂದ ಹೊರಗೆ ಬರುತ್ತವೆ. ಭೂಗೋಳ, ಅರ್ಥಶಾಸ್ತ್ರ, ಇತಿಹಾಸ ಬೇರೆಬೇರೆ ಅಧ್ಯಾಯ ಅಂತ ನಾವು ಭಾಗ ಮಾಡಿದ್ದೇವೆ. ಆ ಹುಡುಗಿಗೆ ಆ ಭಾಗ ಇರಲಿಲ್ಲ.

ಆಮೇಲೆ ನಮ್ಮ ಪ್ರಶ್ನೆ. ಬರೆದವರಿಗೆ ಹೇಗೆ ಗೊತ್ತು? ಅವರೇ ಅಲ್ಲಿದ್ದರು ಟೀಚರ್, ಅನ್ನುತ್ತಾರೆ ಮಕ್ಕಳು. ಹೌದು. ಆದರೆ ಬರೆದದ್ದು ದೊಡ್ಡವರಾದ ಮೇಲೆ, ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ನಿನಗೆ ಒಂದನೇ ತರಗತಿಯ ಮೊದಲ ದಿನ ಏನೇನು ನೆನಪಿದೆ, ನಿನ್ನ ಅಮ್ಮನಿಗೆ ಅದೇ ದಿನ ಏನು ನೆನಪಿದೆ, ಎರಡೂ ಒಂದೇ ಥರ ಇದೆಯಾ, ಮನೆಗೆ ಹೋಗಿ ಕೇಳಿಕೊಂಡು ಬಾ ಅನ್ನು. ಮರುದಿನ ನಿನ್ನ ತರಗತಿಯಲ್ಲಿ ಆಧಾರಗಳ ಪಾಠ ತಾನಾಗಿಯೇ ಶುರುವಾಗಿರುತ್ತದೆ.

ಓದುವ ಬಗ್ಗೆ ಒಂದೆರಡು ಮಾತು. ಗಟ್ಟಿಯಾಗಿ, ನೀನೇ ಓದು. ಓದಲು ತೊಡರುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಅವರ ಕೈಗೆ ಪುಸ್ತಕ ಕೊಟ್ಟು ಎಲ್ಲರ ಮುಂದೆ ಓದು ಅಂದರೆ ಕಥೆ ಅವರಿಗೆ ದಕ್ಕುವುದಿಲ್ಲ, ಅವಮಾನ ಮಾತ್ರ ದಕ್ಕುತ್ತದೆ. ಚಿತ್ರವಿದ್ದರೆ ಪುಸ್ತಕವನ್ನು ತಿರುಗಿಸಿ ಹಿಡಿದು, ಹಿಂದಿನ ಬೆಂಚಿನ ತನಕ ನಡೆದು ತೋರಿಸು. ಮಧ್ಯೆ ನಿಲ್ಲಿಸಿ ಪದದ ಅರ್ಥ ಕೇಳಬೇಡ. ಮುಗಿದ ತಕ್ಷಣ 'ಈ ಕಥೆಯಿಂದ ತಿಳಿಯುವ ನೀತಿ' ಅಂತೂ ಬೇಡವೇ ಬೇಡ. ಪ್ರಶ್ನೋತ್ತರ ಬರೆಸುವ ಅಭ್ಯಾಸ ನಮ್ಮ ಕೈಗೆ ಎಷ್ಟು ಅಂಟಿದೆ ಅಂದರೆ, ಒಳ್ಳೆಯ ಪುಸ್ತಕವನ್ನೂ ಎರಡು ಅಂಕದ ಪ್ರಶ್ನೆ ಮಾಡಿಬಿಡುತ್ತೇವೆ. ಹಾಗೆ ಮಾಡಿದ ಪುಸ್ತಕವನ್ನು ಮಗು ಮತ್ತೆ ಮುಟ್ಟುವುದಿಲ್ಲ.

ಈಗ ಸ್ವಲ್ಪ ಕಷ್ಟದ ವಿಷಯಕ್ಕೆ ಬರುತ್ತೇನೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು ಅಂತ ಪಾಠದಲ್ಲಿ ಬರುತ್ತದೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಅಂಕ ತಗೊಳ್ಳುತ್ತಾರೆ. ರದ್ದಾದದ್ದು ಏನು ಅಂತ ತಿಳಿಯುವುದು ಅಂಬೇಡ್ಕರ್ ತಮ್ಮ ಬಾಲ್ಯದ ಪ್ರಯಾಣವೊಂದನ್ನು ನೆನೆದು ಬರೆದದ್ದನ್ನು ಕೇಳಿದಾಗ. 1901ರ ಬೇಸಿಗೆ ರಜೆ. ತಂದೆ ದೂರದ ಊರಿನಲ್ಲಿ ಕ್ಯಾಷಿಯರ್ ಕೆಲಸದಲ್ಲಿದ್ದರು. ಸಾತಾರದಲ್ಲಿದ್ದ ಹುಡುಗರು, ಅವರು, ಅವರ ಅಣ್ಣ, ಅಕ್ಕನ ಮಕ್ಕಳು, ಹೊಸ ಬಟ್ಟೆ ಹೊಲಿಸಿಕೊಂಡು ಅಪ್ಪನನ್ನು ನೋಡಲು ರೈಲು ಹತ್ತಿದರು. ಮಸೂರು ಸ್ಟೇಷನ್ನಿನಲ್ಲಿ ಇಳಿದರೆ ಕರೆದುಕೊಂಡು ಹೋಗಲು ಯಾರೂ ಬಂದಿಲ್ಲ, ಕಾಗದ ತಲುಪಿರಲಿಲ್ಲ. ಬಟ್ಟೆ ನೋಡಿ ಪ್ರೀತಿಯಿಂದ ಮಾತಾಡಿಸಿದ ಸ್ಟೇಷನ್ ಮಾಸ್ತರರು, ಇವರು ಮಹಾರರ ಮಕ್ಕಳು ಅಂತ ತಿಳಿದ ಕೂಡಲೇ ಹಿಂದೆ ಸರಿದರು. ಗಾಡಿಯವರು ಯಾರೂ ಬರಲೊಪ್ಪಲಿಲ್ಲ. ಕೊನೆಗೆ ಒಬ್ಬ ಎರಡು ಪಟ್ಟು ಬಾಡಿಗೆಗೆ ಒಪ್ಪಿದ, ಆದರೆ ಗಾಡಿ ಹುಡುಗರೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಅಂದ. ಬುತ್ತಿ ಇತ್ತು, ನೀರು ಇರಲಿಲ್ಲ. ದಾರಿಯುದ್ದಕ್ಕೂ ಯಾರೂ ನೀರು ಕೊಡಲಿಲ್ಲ. ಆಗ ಅಂಬೇಡ್ಕರರಿಗೆ ಒಂಬತ್ತು ವರ್ಷ.

ಈ ಪ್ರಸಂಗವನ್ನು ಗೊಂಡ ಚಿತ್ರಕಾರರಾದ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ದಂಪತಿ 2011ರಲ್ಲಿ ಬಂದ 'ಭೀಮಾಯಣ' ಅನ್ನುವ ಚಿತ್ರಪುಸ್ತಕದಲ್ಲಿ ತಮ್ಮ ಶೈಲಿಯಲ್ಲಿ ಬಿಡಿಸಿದ್ದಾರೆ. ಪುಸ್ತಕ ಸಿಕ್ಕಿದರೆ ಚಿತ್ರ ತೋರಿಸುತ್ತ ನೀನೇ ನಿನ್ನ ಮಾತಿನಲ್ಲಿ ಹೇಳು. ಸಿಗದಿದ್ದರೆ ಬರೀ ಬಾಯಲ್ಲಿ ಹೇಳು, ಸಾಕು. ದುಡ್ಡಿತ್ತು, ಒಳ್ಳೆಯ ಬಟ್ಟೆ ಇತ್ತು, ತಂದೆಗೆ ನೌಕರಿ ಇತ್ತು, ಆದರೂ ನೀರು ಯಾಕೆ ಸಿಗಲಿಲ್ಲ ಅನ್ನುವುದನ್ನು ಮಕ್ಕಳು ಮಾತಾಡಲಿ. ಬಡತನ ಬೇರೆ, ಜಾತಿ ಬೇರೆ ಅನ್ನುವುದು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ತಿಳಿಯುವುದಿಲ್ಲ.

ಆದರೆ ಇಲ್ಲಿ ನಿನ್ನ ಕಣ್ಣು ಎಲ್ಲಿ ಹೋಗುತ್ತದೆ ಅನ್ನುವುದರ ಮೇಲೆ ಎಚ್ಚರ ಇರಲಿ. ನಿನ್ನ ತರಗತಿಯಲ್ಲೇ ಆ ನೀರಿನ ಅನುಭವ ಇರುವ ಮನೆಯ ಮಕ್ಕಳು ಕೂತಿರುತ್ತಾರೆ. ಕಥೆ ಹೇಳುತ್ತ ಅವರತ್ತ ನೋಡಬೇಡ, ಅವರ ಕೇರಿಯ ಹೆಸರು ಎತ್ತಬೇಡ, 'ನಿಮ್ಮ ಕಡೆ ಹೇಗಿದೆ ಹೇಳು' ಅಂತ ಕೇಳಬೇಡ. ಅವರಾಗಿ ಮಾತಾಡಿದರೆ ಪೂರ್ತಿ ಕೇಳು. ಸುಮ್ಮನಿದ್ದರೆ ಆ ಮೌನ ಅವರದು, ಗೌರವಿಸು. ಪ್ರಶ್ನೆ ಕೇಳಬೇಕಾದ್ದು ಉಳಿದವರನ್ನು: ಆ ಸ್ಟೇಷನ್ ಮಾಸ್ತರರ ಜಾಗದಲ್ಲಿ ಇದ್ದವರು ಏನು ಮಾಡಬಹುದಿತ್ತು? ಅವತ್ತು ಮಧ್ಯಾಹ್ನ ಬಿಸಿಯೂಟದ ಸಾಲಿನಲ್ಲಿ, ಕುಡಿಯುವ ನೀರಿನ ನಲ್ಲಿಯ ಹತ್ತಿರ ನೀನು ಹೋಗಿ ನಿಲ್ಲು. ಯಾರು ಯಾರ ಪಕ್ಕ ಕೂರುತ್ತಾರೆ, ಲೋಟ ಯಾರು ಮೊದಲು ಮುಟ್ಟುತ್ತಾರೆ ನೋಡು. ಅಲ್ಲಿ ತಪ್ಪು ಕಂಡರೆ ತಿದ್ದುವುದು ಪಾಠದ ಭಾಗ. ಅದನ್ನು ಬಿಟ್ಟು ತರಗತಿಯೊಳಗೆ 17ನೇ ವಿಧಿ ಹೇಳಿ ಪ್ರಯೋಜನವಿಲ್ಲ.

ವೀರರ ಪುಸ್ತಕಗಳ ವಿಷಯ ಕೇಳಿದ್ದೆ. ನಿಮ್ಮ ಬೀರುವಿನಲ್ಲಿ ಹೆಚ್ಚು ಇರುವುದು ಅವೇ ಇರಬೇಕು. ರಾಷ್ಟ್ರೋತ್ಥಾನ ಪರಿಷತ್ತು ತಂದ 'ಭಾರತ-ಭಾರತಿ' ಮಾಲೆಯಲ್ಲಿ 510 ಪುಟ್ಟ ಪುಸ್ತಕಗಳಿವೆ, ಎಲ್.ಎಸ್. ಶೇಷಗಿರಿರಾಯರು ಸಂಪಾದಕರು. ನಾಡಿನ ಎರಡು ತಲೆಮಾರಿನ ಮಕ್ಕಳು ಅವನ್ನು ಓದಿ ಬೆಳೆದಿದ್ದಾರೆ. ಅಮರ ಚಿತ್ರಕಥೆಯೂ ಹಾಗೆಯೇ. ಅವುಗಳಿಂದ ಎಷ್ಟೋ ಮಕ್ಕಳಿಗೆ ಓದುವ ರುಚಿ ಹತ್ತಿತು, ಆ ಋಣ ದೊಡ್ಡದು. ಆದರೂ ಒಂದು ಮಾತು ಹೇಳಲೇಬೇಕು. ಇಂಥ ಪುಸ್ತಕಗಳಲ್ಲಿ ದೊಡ್ಡವರು ಹುಟ್ಟುವಾಗಲೇ ದೊಡ್ಡವರು. ಅವರಿಗೆ ಅನುಮಾನ ಬರುವುದಿಲ್ಲ, ಅವರು ಯಾವುದರಲ್ಲೂ ಸೋಲುವುದಿಲ್ಲ, ಸೋತರೂ ಅದು ಯಾರದೋ ಮೋಸದಿಂದ. ಚಿತ್ರಕಥೆಯ ಪುಟ ತೆರೆದು ಮಕ್ಕಳಿಗೆ ತೋರಿಸು: ಒಳ್ಳೆಯವರಿಗೆ ಯಾವ ಬಣ್ಣ, ಕೆಟ್ಟವರಿಗೆ ಯಾವ ಬಣ್ಣ? ಹೆಂಗಸರು ಎಷ್ಟು ಚೌಕಗಳಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ? ಕೋಟೆ ಕಟ್ಟಿದ ಕೂಲಿಗಳು, ಕುದುರೆಗೆ ಹುಲ್ಲು ತಂದವರು ಯಾವ ಪುಟದಲ್ಲಿದ್ದಾರೆ? ಪುಸ್ತಕವನ್ನು ಬೈಯುವುದಕ್ಕಲ್ಲ ಇದು. ಇಷ್ಟದ ಪುಸ್ತಕವನ್ನೂ ಕಣ್ಣು ಬಿಟ್ಟುಕೊಂಡು ಓದುವುದನ್ನು ಕಲಿಸುವುದಕ್ಕೆ.

ಕಿತ್ತೂರು ಚೆನ್ನಮ್ಮನ ಕಥೆಯನ್ನೇ ತಗೋ. 1824ರ ಅಕ್ಟೋಬರ್ 23ರಂದು ಕಿತ್ತೂರು ಗೆದ್ದಿತು, ಕಲೆಕ್ಟರ್ ಥ್ಯಾಕರೆ ಸತ್ತ. ಮಕ್ಕಳಿಗೆ ಹೇಳುವಾಗ ನಮಗೆ ಅಲ್ಲಿಗೇ ನಿಲ್ಲಿಸುವ ಆಸೆ, ಯಾಕೆಂದರೆ ಅಲ್ಲಿ ಚಪ್ಪಾಳೆ ಬೀಳುತ್ತದೆ. ನಿಲ್ಲಿಸಬೇಡ. ಡಿಸೆಂಬರಿನಲ್ಲಿ ಕಂಪನಿ ದೊಡ್ಡ ಸೈನ್ಯದೊಡನೆ ಬಂದು ಕೋಟೆ ಹಿಡಿಯಿತು, ರಾಣಿಯನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟಿತು, 1829ರ ಫೆಬ್ರವರಿ 2ರಂದು ಆಕೆ ಅಲ್ಲೇ ತೀರಿಕೊಂಡಳು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಗೆದ್ದ ದಿನಕ್ಕಿಂತ ಆ ಸೆರೆಯ ವರ್ಷಗಳ ಬಗ್ಗೆ ಮಕ್ಕಳು ಹೆಚ್ಚು ಪ್ರಶ್ನೆ ಕೇಳುತ್ತಾರೆ. ಅಷ್ಟು ದಿನ ಒಳಗೆ ಕೂತು ಆಕೆ ಏನು ಮಾಡುತ್ತಿದ್ದಳು? ಯಾರು ಊಟ ಕೊಡುತ್ತಿದ್ದರು? ಹೊರಗಿನ ಸುದ್ದಿ ತಿಳಿಯುತ್ತಿತ್ತಾ? ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು. ಗೊತ್ತಿಲ್ಲ ಅಂದ ಟೀಚರನ್ನು ಮಕ್ಕಳು ಕಡಿಮೆ ಮಾಡಿ ನೋಡುವುದಿಲ್ಲ.

ಮತ್ತೆ ಅದೇ ಪ್ರಶ್ನೆ, ಹೇಗೆ ಗೊತ್ತು? ಇಲ್ಲಿ ಉತ್ತರ ಎರಡು ಕಡೆಯಿಂದ ಬರುತ್ತದೆ. ಒಂದು ಕಡೆ ಕಂಪನಿಯ ಅಧಿಕಾರಿಗಳು ಮೇಲಿನವರಿಗೆ ಬರೆದ ಕಾಗದಗಳು, ಇನ್ನೊಂದು ಕಡೆ ಆ ಸೀಮೆಯ ಜನ ಕಟ್ಟಿ ಹಾಡಿಕೊಂಡು ಬಂದ ಲಾವಣಿಗಳು. ಕಾಗದ ರಾಯಣ್ಣನನ್ನು ದಂಗೆಕೋರ ಅನ್ನುತ್ತದೆ, ಲಾವಣಿ ಶೂರ ಅನ್ನುತ್ತದೆ. ಅವನು ಒಬ್ಬನೇ. ಇಬ್ಬರು ಮಕ್ಕಳನ್ನು ನಿಲ್ಲಿಸಿ ಒಬ್ಬನಿಂದ ಕಾಗದ ಬರೆಸು, ಇನ್ನೊಬ್ಬಳಿಂದ ಹಾಡು ಕಟ್ಟಿಸು. ಆ ಪೀರಿಯಡ್ಡಿನಲ್ಲಿ ಅವರು ಕಲಿತದ್ದು ಪರೀಕ್ಷೆಯ ಆಚೆಗೂ ಉಳಿಯುತ್ತದೆ. ಟಿ.ವಿ.ಯ ಸುದ್ದಿ, ಮೊಬೈಲಿಗೆ ಬರುವ ಮೆಸೇಜು ನೋಡುವಾಗಲೂ ಉಪಯೋಗಕ್ಕೆ ಬರುತ್ತದೆ.

ಬರವಣಿಗೆಯೇ ಇಲ್ಲದ ಇತಿಹಾಸವೂ ಇದೆ. ಶಾಲಾ ಇನ್‌ಸ್ಪೆಕ್ಟರ್ ಆಗಿದ್ದ ಪಂಜೆ ಮಂಗೇಶರಾಯರು ಕೋಟಿ-ಚೆನ್ನಯರ ಕಥೆಯನ್ನು ಕನ್ನಡದ ಮಕ್ಕಳಿಗೆ ತಂದುಕೊಟ್ಟದ್ದು ತುಳು ಪಾಡ್ದನಗಳಿಂದ. ಹೊಲದಲ್ಲಿ ದುಡಿಯುವವರ ಬಾಯಲ್ಲಿ, ಗರಡಿಗಳ ಆರಾಧನೆಯಲ್ಲಿ ಉಳಿದ ಕಥೆ ಅದು. ಹಾಡಿನಲ್ಲಿ ಉಳಿದದ್ದೆಲ್ಲ ನಿಜ ಅಂತಲೂ ಹೇಳಬೇಡ, ಬರೆದಿಟ್ಟಿಲ್ಲ ಅಂತ ಸುಳ್ಳು ಅಂತಲೂ ಹೇಳಬೇಡ. ಬರೆಯುವ ಅವಕಾಶವೇ ಇಲ್ಲದವರು ತಮ್ಮ ನೆನಪನ್ನು ಹಾಡಿನಲ್ಲಿ ಇಟ್ಟರು ಅಂತ ಹೇಳು. ಎಂಟನೇ ತರಗತಿಯ ಮಕ್ಕಳಿಗೆ ಇದು ಅರ್ಥವಾಗುತ್ತದೆ, ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಅರ್ಥವಾಗುತ್ತದೆ.

ಗಾಂಧಿಯ ಪಾಠ ಬಂದಾಗ ಬೊಳುವಾರು ಮಹಮದ್ ಕುಂಞಿಯವರ 'ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ' ಹುಡುಕಿ ತಾ. 2010ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಗೋಡೆಯ ಮೇಲೆ ಚೌಕಟ್ಟಿನಲ್ಲಿರುವ ತಾತನನ್ನು ಕೆಳಗಿಳಿಸಿ ಹುಡುಗನನ್ನಾಗಿ ತೋರಿಸುವುದು ಮಕ್ಕಳಿಗೆ ಬೇಕಾದದ್ದು. ಗಾಂಧೀಜಿ ತಮ್ಮ ಆತ್ಮಕಥೆಯಲ್ಲೇ ಹೇಳಿಕೊಂಡಿದ್ದಾರಲ್ಲ, ರಾಜಕೋಟೆಯ ಶಾಲೆಗೆ ಇನ್‌ಸ್ಪೆಕ್ಟರ್ ಬಂದಾಗ ಒಂದು ಇಂಗ್ಲಿಷ್ ಪದದ ಕಾಗುಣಿತ ತಪ್ಪು ಬರೆದದ್ದು, ಪಕ್ಕದವನದು ನೋಡಿ ಬರೆ ಅಂತ ಮೇಷ್ಟ್ರು ಬೂಟಿನ ತುದಿಯಿಂದ ಸನ್ನೆ ಮಾಡಿದರೂ ತಿಳಿಯದೇ ಹೋದದ್ದು. ಬಿಇಒ ಸಾಹೇಬರು ಶಾಲೆಗೆ ಬರುವ ದಿನ ಹೇಗಿರುತ್ತದೆ ಅಂತ ನಿನ್ನ ಮಕ್ಕಳಿಗೆ ಗೊತ್ತು. ಆ ಹುಡುಗ ಅವರಿಗೆ ತಕ್ಷಣ ಹತ್ತಿರವಾಗುತ್ತಾನೆ.

ಇಷ್ಟಾದ ಮೇಲೆ ಮಕ್ಕಳನ್ನು ಊರಿನ ಹೊರಗಿನ ಆ ಕಲ್ಲಿನ ಹತ್ತಿರ ಕರೆದುಕೊಂಡು ಹೋಗು. ನಿನ್ನ ಶಾಲೆಯ ಊರಿನಲ್ಲೂ ಒಂದು ವೀರಗಲ್ಲು ಇದೆ ಅಂದೆಯಲ್ಲ, ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುತ್ತಾರೆ ಅಂದೆ. ವೀರಗಲ್ಲು ಅಂದರೆ ಕಲ್ಲಿನಲ್ಲಿ ಕೊರೆದ ಚಿತ್ರಕಥೆ. ಮೂರು ಚೌಕ ಇದ್ದರೆ ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ, ಮಧ್ಯದಲ್ಲಿ ಸತ್ತವನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಅವನು ಶಿವಲಿಂಗದ ಮುಂದೆ ಕೂತಿರುವುದು. ಕೆಳಗಿನ ಚೌಕದಲ್ಲಿ ದನಗಳಿದ್ದರೆ ಅದು ತುರುಗೋಳಿನ ಕಾಳಗ, ಊರಿನ ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಹೋರಾಡಿ ಸತ್ತವನ ಕಲ್ಲು. ದನವೇ ಸಂಪತ್ತಾಗಿದ್ದ ಕಾಲದ ಅರ್ಥಶಾಸ್ತ್ರ ಅಲ್ಲಿದೆ. ಅಕ್ಷರ ಇದ್ದರೆ ಮುಟ್ಟಿ ನೋಡಲಿ, ಆದರೆ ಸೀಮೆಸುಣ್ಣ ಉಜ್ಜಲು, ಕೆರೆಯಲು ಬಿಡಬೇಡ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು 890ರ ಒಂದು ಶಾಸನ ಇದೆ, ಬೆಂಗಳೂರಿನಲ್ಲಿ ನಡೆದ ಕಾಳಗದಲ್ಲಿ ಸತ್ತವನ ನೆನಪಿನದು. ಬೆಂಗಳೂರು ಅನ್ನುವ ಹೆಸರು ಅಷ್ಟು ಹಳೆಯದು ಅಂತ ನಮಗೆ ತಿಳಿದದ್ದು ಆ ಕಲ್ಲಿನಿಂದ. ನಿಮ್ಮ ಊರಿನ ಕಲ್ಲೂ ಏನೋ ಹೇಳುತ್ತಿರಬಹುದು.

ಹಿಂದಿರುಗಿದ ಮೇಲೆ ಮಕ್ಕಳೇ ಒಂದು ಪುಸ್ತಕ ಮಾಡಲಿ. ಡ್ರಾಯಿಂಗ್ ಹಾಳೆ ಮಡಚಿ ದಾರ ಹೊಲಿದರೆ ಆಯಿತು. ಆ ಕಲ್ಲಿನ ಬಗ್ಗೆ ಊರಿನ ಹಿರಿಯರು ಹೇಳುವುದು ಒಂದು ಬಣ್ಣದ ಶಾಯಿಯಲ್ಲಿ, ತಾವೇ ಕಲ್ಲಿನಲ್ಲಿ ಕಂಡದ್ದು ಇನ್ನೊಂದು ಬಣ್ಣದಲ್ಲಿ, ತಾವು ಕಲ್ಪಿಸಿಕೊಂಡದ್ದು ಮೂರನೆಯ ಬಣ್ಣದಲ್ಲಿ. ಈ ಮೂರು ಬಣ್ಣ ಬೆರೆಯದಂತೆ ನೋಡಿಕೊಳ್ಳುವುದನ್ನು ಕಲಿತ ಮಗು ಇತಿಹಾಸ ಕಲಿತ ಹಾಗೆಯೇ. ಕಲ್ಪನೆ ಬೇಡ ಅಂತ ಹೇಳಬೇಡ. ಅದು ಕಲ್ಪನೆ ಅಂತ ಗೊತ್ತಿದ್ದರೆ ಸಾಕು.

ಪುಸ್ತಕ ಎಲ್ಲಿ ಸಿಗುತ್ತದೆ ಅನ್ನುವ ಚಿಂತೆ ಬಿಡು. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳನ್ನು ದುಡ್ಡು ಕೊಡದೆ ಓದಬಹುದು, ಇಳಿಸಿಕೊಂಡು ಪ್ರಿಂಟ್ ಕೂಡ ತೆಗೆಯಬಹುದು. ನಿಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಹೋಗಿ ಅಲ್ಲಿನ ಮೇಲ್ವಿಚಾರಕರ ಪರಿಚಯ ಮಾಡಿಕೋ, ಮಕ್ಕಳನ್ನು ಸದಸ್ಯರನ್ನಾಗಿ ಮಾಡಿಸು. ಬೇಕಾದ ಪುಸ್ತಕ ಅಲ್ಲಿ ಇಲ್ಲದಿದ್ದರೆ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಎದ್ದು ಕೇಳಲಿ. ಸ್ಥಳೀಯ ಸರ್ಕಾರ ಅನ್ನುವ ಅಧ್ಯಾಯವೂ ಅದರಲ್ಲೇ ಆಗಿಹೋಗುತ್ತದೆ.

ಪೋರ್ಷನ್ ಮುಗಿಯುವುದಿಲ್ಲ ಅನ್ನುವ ನಿನ್ನ ಹೆದರಿಕೆ ನನಗೆ ಗೊತ್ತು. ಸೇತುಬಂಧ, ಎಫ್ಎ, ಎಸ್ಎ, ಆನ್‌ಲೈನಿನಲ್ಲಿ ತುಂಬಬೇಕಾದ ಮಾಹಿತಿ, ಇವುಗಳ ಮಧ್ಯೆ ಕಥೆಗೆ ಪೀರಿಯಡ್ ಎಲ್ಲಿ? ಎಲ್ಲ ಪಾಠಕ್ಕೂ ಪುಸ್ತಕ ಹುಡುಕಲು ಹೋಗಬೇಡ. ಒಂದು ಸೆಮಿಸ್ಟರಿಗೆ ಎರಡು ಪಾಠ ಆರಿಸಿಕೋ, ನಿನಗೇ ಮನಸ್ಸು ತುಂಬಿ ಬರುವ ಎರಡು. ಅವಕ್ಕೆ ಮಾತ್ರ ಕಥೆ, ಪ್ರಶ್ನೆ, ಹೊರಗಿನ ಓಡಾಟ. ಉಳಿದದ್ದನ್ನು ಪಠ್ಯಪುಸ್ತಕ ಹಿಡಿದು ಅಚ್ಚುಕಟ್ಟಾಗಿ ಮುಗಿಸು, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಪಾಠಯೋಜನೆಯಲ್ಲಿ ಕಥೆಯ ಹೆಸರು, ಅದರಿಂದ ಬರುವ ಕಲಿಕಾಫಲ ಬರೆದಿಡು. ಸಿಆರ್‌ಪಿಯವರು ಬಂದಾಗ ತೋರಿಸಲು ಇರುತ್ತದೆ, ಮಕ್ಕಳು ಮಾಡಿದ ಪುಸ್ತಕವನ್ನೂ ಎಫ್ಎ ಚಟುವಟಿಕೆಯಾಗಿ ತೋರಿಸಬಹುದು.

ಚಿತ್ರದುರ್ಗಕ್ಕೆ ಪ್ರವಾಸ ಅಂತ ಡಿಸೆಂಬರಿನಲ್ಲಿ ಹೊರಟಿದ್ದೀರಲ್ಲ, ಹೋಗುವ ಮುಂಚೆ ಓಬವ್ವನ ಕಥೆ ಓದಿಬಿಡು. ಕಿಂಡಿಯ ಹತ್ತಿರ ನಿಂತಾಗ ಗೈಡ್ ಹೇಳಿದ್ದಕ್ಕೂ ಪುಸ್ತಕದಲ್ಲಿದ್ದದ್ದಕ್ಕೂ ವ್ಯತ್ಯಾಸ ಕಂಡರೆ ಮಕ್ಕಳು ಬರೆದುಕೊಳ್ಳಲಿ. ಹೈದರಾಲಿಯ ಮುತ್ತಿಗೆ, 1779ರಲ್ಲಿ ದುರ್ಗ ಬಿದ್ದದ್ದು, ಇವನ್ನು ಬಸ್ಸಿನಲ್ಲೇ ಹೇಳಿ ಮುಗಿಸು. ಕೋಟೆ ಹತ್ತಿದ ಮೇಲೆ ಯಾರೂ ಕೇಳಿಸಿಕೊಳ್ಳುವುದಿಲ್ಲ, ಓಡಾಡಲು ಬಿಡಬೇಕು. ಓಬವ್ವನ ಮೇಲೆ ಮಕ್ಕಳಿಗೆ ಕೊಡಬಹುದಾದ ಎರಡು ಪುಸ್ತಕ ನನ್ನ ಹತ್ತಿರ ಇವೆ, ಈ ಭಾನುವಾರ ನಿಮ್ಮ ಊರಿನ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ.